ತಲೆ ಕೆಟ್ಟು ಕೆರ ಹಿಡಿದಾಗ ಉದ್ರಿ ಪುಸ್ತಕ ಬರೆಯೋದು ಹೇಗೆ

ನಮ್ಮಪ್ಪಂದು ಶ್ರೀನಗರದಲ್ಲಿ ಒಂದು ದಿನಸಿ ಅಂಗಡಿ ಇತ್ತು. ಒಂದೇ ಶಟರು, ಹೊರಗೆ ಉಪ್ಪಿನ ಮೂಟೆ, ಒಳಗೆ ಒಬ್ರು ನಿಂತ್ರೆ ಇನ್ನೊಬ್ರು ಅಡ್ಡಡ್ಡ ಹೋಗ್ಬೇಕು, ಅಷ್ಟೇ ಜಾಗ. ಗೋಡೆ ಮೇಲೆ "ಇಂದು ನಗದು ನಾಳೆ ಉದ್ರಿ" ಅಂತ ಬೋರ್ಡು, ಅದರ ಕೆಳಗೇನೇ ದಾರ ಕಟ್ಟಿದ ಪೆನ್ನು, ಉದ್ದನೆ ಉದ್ರಿ ಪುಸ್ತಕ, ಅಂದ್ರೆ ಬೋರ್ಡಿಗೂ ವ್ಯಾಪಾರಕ್ಕೂ ಏನೂ ಸಂಬಂಧ ಇರ್ಲಿಲ್ಲ. ಅಂಗಡಿ ಮುಚ್ಚಿ ಹತ್ತು ವರ್ಷದ ಮೇಲಾಯ್ತು. ಆದ್ರೂ ಇಲ್ಲಿಂದಾನೇ ಶುರು ಮಾಡ್ತೀನಿ, ಯಾಕಂದ್ರೆ ಕೆಟ್ಟಿದ್ದ ನನ್ನ ತಲೆ ರಿಪೇರಿ ಆಗಿದ್ದು ಆ ಪುಸ್ತಕದಿಂದ.

2023ರಲ್ಲಿ ನಾನು ಕೆಲಸ ಮಾಡ್ತಿದ್ದ ಕಂಪನಿ, ಔಟರ್ ರಿಂಗ್ ರೋಡಲ್ಲಿ, ಹೆಸರು ಬೇಡ ಬಿಡಿ, ನಮ್ಮ ಇಡೀ ಟೀಮನ್ನ ಒಂದು ವಿಡಿಯೋ ಕಾಲಲ್ಲಿ ಮನೆಗೆ ಕಳಿಸ್ತು. 11 ನಿಮಿಷದ ಕಾಲು, ಅದರಲ್ಲಿ ಮೊದಲ ಎರಡು ನಿಮಿಷ "ಎಲ್ರಿಗೂ ಕೇಳಿಸ್ತಿದೆಯಾ" ಅನ್ನೋದ್ರಲ್ಲೇ ಹೋಯ್ತು. ಅದಾದ್ಮೇಲೆ ನಾಲ್ಕೈದು ತಿಂಗಳು ಏನ್ ಮಾಡ್ದೆ ಅಂತ ಕೇಳಿದ್ರೆ ನನಗೇ ಸರಿಯಾಗಿ ಗೊತ್ತಿಲ್ಲ. ರಾತ್ರಿ ಎರಡು ಗಂಟೆವರೆಗೂ ಫೋನು, ಬೆಳಗ್ಗೆ ಒಂಬತ್ತಕ್ಕೆ ಏಳೋದು, ಒಲೆ ಮೇಲೆ ಹಾಲಿಟ್ಟು ಮರೆಯೋದು, ಮಗನ ಮೇಲೆ ಎಗರಾಡೋದು, ಎಗರಾಡಿದ್ದಕ್ಕೆ ಬಾತ್‌ರೂಮಲ್ಲಿ ಅಳೋದು, ಇಷ್ಟೇ.

ಆ ವರ್ಷ ಆಯುಧ ಪೂಜೆಗೆ ಅಪ್ಪ ಎಂದಿನಂಗೆ ತಕ್ಕಡಿ, ತೂಕದ ಬಟ್ಟು ಎಲ್ಲಾ ಅಟ್ಟದಿಂದ ಇಳಿಸಿದ್ರು. ಅಂಗಡಿ ಇಲ್ದಿದ್ರೂ ತಕ್ಕಡಿಗೆ ಪೂಜೆ ತಪ್ಪಲ್ಲ. ಅದರ ಜೊತೆ ಹಳೇ ಉದ್ರಿ ಪುಸ್ತಕಗಳೂ ಬಂದ್ವು. ಸುಮ್ನೆ ಒಂದನ್ನ ತಿರುವಿ ಹಾಕ್ತಿದ್ದೆ. ಮುಂದಿನ ಹಾಳೆಗಳಲ್ಲಿ ಬೀದಿಯವ್ರೆಲ್ಲಾ ಅಪ್ಪನಿಗೆ ಕೊಡ್ಬೇಕಾದ್ದು, ಅರ್ಧ ಕೆ.ಜಿ. ಸಕ್ಕರೆ, ಕಾಲು ಕೆ.ಜಿ. ತೊಗರಿಬೇಳೆ, ಒಂದು ಕಟ್ಟು ಬೀಡಿ. ಪುಸ್ತಕ ತಲೆಕೆಳಗಾಗಿ ಹಿಡಿದು ಹಿಂದಿನಿಂದ ತೆಗೆದ್ರೆ ಇನ್ನೊಂದು ಲೆಕ್ಕ, ಅಪ್ಪ ಬೇರೆಯವ್ರಿಗೆ ಕೊಡ್ಬೇಕಾದ್ದು. ತರಗುಪೇಟೆ ಮಂಡಿ, 2 ಮೂಟೆ ಸಕ್ಕರೆ. ಎಣ್ಣೆಯವ್ರು, 1 ಟಿನ್ನು. ಇದರ ಮಧ್ಯೆ ಒಂದು ಸಾಲು: "ಪಕ್ಕದ ಟೈಲರ್, 2 ದಿನ ಅಂಗಡಿ ನೋಡ್ಕೊಂಡ್ರು." ರೂಪಾಯಿ ಕಾಲಂ ಖಾಲಿ. ಏನಪ್ಪಾ ಇದು ಅಂದ್ರೆ, ನಾನು ಹುಟ್ಟಿದ ವಾರ ಅಂತೆ, ಅಮ್ಮನ್ನ ವಾಣಿವಿಲಾಸಕ್ಕೆ ಸೇರ್ಸಿದ್ರು, ಅಂಗಡಿ ಮುಚ್ಚೋಕೆ ಆಗ್ತಿರ್ಲಿಲ್ಲ, ಪಕ್ಕದವ್ರು ಹೊಲಿಗೆ ಮಿಷನ್ ಬಿಟ್ಟು ಬಂದು ಗಲ್ಲಾಪೆಟ್ಟಿಗೆ ಹತ್ರ ಕೂತ್ರು.

ಅವತ್ತು ನನಗೆ ಹೊಳೆದಿದ್ದು ಒಂದೇ. ನನ್ನ ತಲೇಲಿ ಪುಸ್ತಕದ ಮುಂದಿನ ಭಾಗ ಮಾತ್ರ ತುಂಬ್ಕೊಂಡಿದೆ. ಯಾರು ಕೈ ಕೊಟ್ರು, ಯಾರು ಫೋನ್ ಎತ್ಲಿಲ್ಲ, ಯಾರು ಏನಂದ್ರು, ಎಲ್ಲಾ ತಾರೀಕು ಸಮೇತ ನೆನಪಿದೆ. ಹಿಂದಿನ ಭಾಗ ಖಾಲಿ. ಯಾರೂ ಏನೂ ಮಾಡಿಲ್ಲ ಅಂತ ಖಾಲಿ ಇದ್ದಿದ್ದಲ್ಲ, ನಾನು ಬರ್ಕೊಂಡಿರ್ಲಿಲ್ಲ. ನಮಗೆ ಬರ್ಬೇಕಾದ ಬಾಕಿಯನ್ನ ತಲೆ ತಾನಾಗೇ ಬರ್ಕೊಳ್ಳತ್ತೆ, ನಾವು ಕೊಡ್ಬೇಕಾದ್ದನ್ನ ಮಾತ್ರ ಕೈಯಲ್ಲಿ ಬರೀಬೇಕು. ಶಾಯ್ ಡೇವಿಡಾಯ್, ಥಾಮಸ್ ಗಿಲೋವಿಚ್ ಅನ್ನೋ ಇಬ್ರು ಮನಶ್ಶಾಸ್ತ್ರಜ್ಞರು 2016ರಲ್ಲಿ ಇದನ್ನೇ ಎದುರುಗಾಳಿ, ಹಿಂಗಾಳಿ ಅಂತ ಹೇಳಿದ್ದು, ಎದುರಿಗೆ ಬೀಸೋ ಗಾಳಿ ಮುಖಕ್ಕೆ ಹೊಡೆಯತ್ತೆ, ಬೆನ್ನಿಗೆ ಬೀಸಿ ತಳ್ಳೋ ಗಾಳಿ ಇದೆ ಅಂತಾನೇ ಗೊತ್ತಾಗಲ್ಲ. ನಮ್ಮೂರಿನ ಲೆಕ್ಕದಲ್ಲಿ ಹೇಳ್ಬೇಕಂದ್ರೆ ಬನಶಂಕರಿಯಿಂದ ಸಿಲ್ಕ್ ಬೋರ್ಡ್‌ವರೆಗೆ ಸಿಕ್ಕ ಕೆಂಪು ಸಿಗ್ನಲ್ಲುಗಳನ್ನೆಲ್ಲಾ ಆಫೀಸಿಗೆ ಹೋಗಿ ಎಣಿಸಿ ಹೇಳ್ತೀವಿ, ಹಸಿರು ಸಿಕ್ಕಿದ್ದು ಒಂದಾದ್ರೂ ನೆನಪಿರತ್ತಾ?

ಈಗ ವಿಷಯಕ್ಕೆ ಬರೋಣ. ನಾನು ಎರಡು ವರ್ಷದಿಂದ ಮಾಡ್ತಿರೋದನ್ನ ಮೆಟ್ಟಿಲು ಮೆಟ್ಟಿಲಾಗಿ ಹೇಳ್ತೀನಿ. ಮೊದಲೇ ಒಂದು ಮಾತು, ಇದು ಮಂತ್ರದ ಬೂದಿ ಅಲ್ಲ. ಕೃತಜ್ಞತೆ ಬರೆಯೋ ಅಭ್ಯಾಸದ ಮೇಲೆ ಆದ 27 ಸ್ಟಡಿಗಳನ್ನ 2021ರಲ್ಲಿ ಒಟ್ಟಿಗೆ ಹಾಕಿ ನೋಡಿದಾಗ ಡಿಪ್ರೆಶನ್, ಆಂಗ್ಸೈಟಿ ಮೇಲೆ ಅದರ ಪರಿಣಾಮ ಚಿಕ್ಕದು ಅಂತಾನೇ ಬಂತು. ಚಿಕ್ಕದಾದ್ರೂ ಖರ್ಚು ಒಂದು ನೋಟ್‌ಬುಕ್ ಅಷ್ಟೇ ಅಲ್ವಾ, ಅದಕ್ಕೇ ನಾನು ಬಿಟ್ಟಿಲ್ಲ.

1. ಶಟರ್ ಎತ್ತೋ ಟೈಮ್ ಒಂದೇ ಇರ್ಲಿ

ಅಪ್ಪ ಬೆಳಗ್ಗೆ ಆರೂವರೆಗೆ ಶಟರ್ ಎತ್ತುತ್ತಿದ್ರು. ಮಳೆ ಇರ್ಲಿ ಚಳಿ ಇರ್ಲಿ, ಹಿಂದಿನ ರಾತ್ರಿ ಅಮ್ಮನ ಜೊತೆ ಜಗಳ ಆಗಿರ್ಲಿ, ಆರೂವರೆ. ವ್ಯಾಪಾರ ಆಗತ್ತೋ ಇಲ್ವೋ ಅದು ಗಿರಾಕಿ ಕೈಲಿ, ಶಟರ್ ಎತ್ತೋದು ಮಾತ್ರ ನಮ್ಮ ಕೈಲಿ ಅಂತಿದ್ರು. ನಾನು ಶಿಸ್ತು ಅಂತ ಕರೆಯೋದು ಇದನ್ನೇ, ಇದಕ್ಕಿಂತ ದೊಡ್ಡದೇನೂ ಅಲ್ಲ.

ನೀವೂ ಮೊದಲು ಒಂದೇ ಒಂದು ಟೈಮ್ ಫಿಕ್ಸ್ ಮಾಡಿ, ಏಳೋ ಟೈಮ್. ಮಲಗೋ ಟೈಮ್ ಈಗಲೇ ಬೇಡ, ಅದು ಮೊದಮೊದಲು ನಮ್ಮ ಮಾತು ಕೇಳಲ್ಲ, ಆದ್ರೆ ದಿನಾ ಒಂದೇ ಹೊತ್ತಿಗೆ ಎದ್ರೆ ಹತ್ತು ಹದಿನೈದು ದಿನದಲ್ಲಿ ರಾತ್ರಿ ನಿದ್ದೆ ತಾನಾಗೇ ಒಂದು ದಾರಿಗೆ ಬರತ್ತೆ. ಬ್ರಾಹ್ಮೀ ಮುಹೂರ್ತ, ಐದು ಗಂಟೆ ಕ್ಲಬ್ಬು ಅಂತೆಲ್ಲಾ ಹೋಗ್ಬೇಡಿ. ರಾತ್ರಿ ಹನ್ನೊಂದಕ್ಕೆ ಕ್ಯಾಬಿಂದ ಇಳಿಯೋರು ಐದಕ್ಕೆ ಎದ್ರೆ ಅದು ಶಿಸ್ತಲ್ಲ, ಶಿಕ್ಷೆ. ಏಳು ಗಂಟೆ ಅಂದ್ರೆ ಏಳು, ಆದ್ರೆ ಭಾನುವಾರಾನೂ ಏಳು. ಭಾನುವಾರ ಒಂದರ್ಧ ಗಂಟೆ ಹೆಚ್ಚುಕಮ್ಮಿ ಆದ್ರೆ ತಲೆ ಹೋಗಲ್ಲ, ಹನ್ನೊಂದಕ್ಕೆ ಎದ್ರೆ ಮಾತ್ರ ಸೋಮವಾರದ ಕಥೆ ಮುಗೀತು.

ಎದ್ದ ಒಂದು ಗಂಟೆ ಒಳಗೆ ಹೊರಗಿನ ಬೆಳಕಿಗೆ ಹೋಗಿ, ಹತ್ತು ಹದಿನೈದು ನಿಮಿಷ ಸಾಕು. ನಮ್ಮ ಮೈಯೊಳಗಿನ ಗಡಿಯಾರ ಟೈಮ್ ಸರಿ ಮಾಡ್ಕೊಳ್ಳೋದು ಕಣ್ಣಿಗೆ ಬೀಳೋ ಬೆಳಗಿನ ಬೆಳಕಿಂದ, ಟ್ಯೂಬ್‌ಲೈಟಿಗೆ ಅಷ್ಟು ಶಕ್ತಿ ಇಲ್ಲ. ಲಾಲ್‌ಬಾಗ್, ಸ್ಯಾಂಕಿ ಕೆರೆ ಹತ್ರ ಇದ್ರೆ ನಿಮ್ಮ ಪುಣ್ಯ, ಇಲ್ಲಾಂದ್ರೆ ಟೆರೇಸು, ಅದೂ ಇಲ್ಲಾಂದ್ರೆ ಹಾಲು ತರೋಕೆ ನಡ್ಕೊಂಡು ಹೋಗಿ, ಡೆಲಿವರಿ ಆಪು ಬೇಡ. ನಾನು ಹಾಲಿನ ಬೂತಿಗೆ ಹೋಗೋಕೆ ಶುರು ಮಾಡಿದ್ಮೇಲೇನೇ ನಮ್ಮ ಬೀದೀಲಿ ಎರಡು ಹೊಂಗೆ ಮರ ಇದೆ ಅಂತ ಗೊತ್ತಾಗಿದ್ದು, ಹದಿನಾಲ್ಕು ವರ್ಷದಿಂದ ಅದೇ ಬೀದೀಲಿದೀನಿ.

ಇನ್ನೊಂದು ಸಣ್ಣ ವಿಷಯ, ಕಾಫಿ. ಕುಡಿದ ಕೆಫೀನಲ್ಲಿ ಅರ್ಧ ಮೈಯಿಂದ ಹೋಗೋಕೇ ಐದು ಗಂಟೆ ಹತ್ರ ಬೇಕು. ಸಂಜೆ ಆರೂವರೆಗೆ ಬೈ ಟೂ ಹೊಡೆದು ರಾತ್ರಿ ನಿದ್ದೆ ಬರಲ್ಲ ಅಂತ ಯೋಚನೆ ಮಾಡೋದ್ರಲ್ಲಿ ಅರ್ಥ ಇಲ್ಲ. ಬೆಳಗ್ಗೆ ಎಷ್ಟಾದ್ರೂ ಕುಡೀರಿ, ನಾನು ಫಿಲ್ಟರ್ ಕಾಫಿ ಬಿಡಿ ಅಂತ ಹೇಳೋ ಪಾಪ ಕಟ್ಕೊಳ್ಳಲ್ಲ.

2. ಬೋಣಿ ಫೋನಿಗೆ ಕೊಡ್ಬೇಡಿ

ಅಂಗಡಿ ವ್ಯಾಪಾರದಲ್ಲಿ ಒಂದು ನಿಯಮ ಇತ್ತು, ಬೋಣಿ ಟೈಮಲ್ಲಿ ಉದ್ರಿ ಇಲ್ಲ. ಎಷ್ಟೇ ಬೇಕಾದವ್ರು ಬಂದ್ರೂ ಮೊದಲ ವ್ಯಾಪಾರ ನಗದು, ಆ ದುಡ್ಡನ್ನ ಕಣ್ಣಿಗೊತ್ಕೊಂಡು ಗಲ್ಲಾಕ್ಕೆ ಹಾಕಿ ಆಮೇಲೆ ಬೇರೆ ಮಾತು. ನಮ್ಮ ದಿನದ ಬೋಣಿ ಯಾರಿಗೆ ಹೋಗ್ತಿದೆ ನೋಡ್ಕೊಳ್ಳಿ. ಕಣ್ಣು ಪೂರ್ತಿ ಬಿಟ್ಟಿರಲ್ಲ, ಕೈ ದಿಂಬಿನ ಕೆಳಗೆ ಹೋಗತ್ತೆ, ಅಪಾರ್ಟ್‌ಮೆಂಟ್ ಗ್ರೂಪಲ್ಲಿ ಪಾರ್ಕಿಂಗ್ ಜಗಳ, ಆಫೀಸ್ ಗ್ರೂಪಲ್ಲಿ ರಾತ್ರಿ ಒಂದಕ್ಕೆ ಬಂದ ಮೆಸೇಜು, ಆಮೇಲೆ ಯಾರೋ ಕಾಲೇಜಲ್ಲಿ ನಮಗಿಂತ ದಡ್ಡ ಇದ್ದವ್ನು ಸ್ವಿಟ್ಜರ್‌ಲ್ಯಾಂಡಲ್ಲಿ ನಿಂತಿರೋ ಫೋಟೋ. ಹಲ್ಲು ಉಜ್ಜೋ ಮುಂಚೆ ಮೂರು ಜನಕ್ಕೆ ಉದ್ರಿ ಕೊಟ್ಟಾಯ್ತು.

ಮಾಡ್ಬೇಕಾದ್ದು ಇಷ್ಟು: ಎದ್ದ ಮೊದಲ ಅರ್ಧ ಗಂಟೆ ಫೋನ್ ಮುಟ್ಟಬಾರ್ದು. ಮನಸ್ಸು ಗಟ್ಟಿ ಮಾಡ್ಕೊಂಡ್ರೆ ಆಗಲ್ಲ, ನಾನು ಟ್ರೈ ಮಾಡಿ ಮೂರನೇ ದಿನಕ್ಕೆ ಸೋತಿದೀನಿ. ಫೋನನ್ನ ಬೇರೆ ರೂಮಲ್ಲಿ ಚಾರ್ಜಿಗೆ ಹಾಕಿ, ಅಲಾರಂಗೆ ಒಂದು ಗಡಿಯಾರ ತಗೊಳ್ಳಿ. ನಂದು 250 ರೂಪಾಯಿದು, ಟಿಕ್ ಟಿಕ್ ಅಂತ ಜೋರಾಗಿ ಸೌಂಡ್ ಮಾಡತ್ತೆ, ಮೊದಲ ವಾರ ನಮ್ಮನೆಯವ್ರು ಅದನ್ನ ಟವೆಲ್ಲಲ್ಲಿ ಸುತ್ತಿ ಬೀರು ಒಳಗಿಟ್ಟಿದ್ರು. ಈಗ ಅವ್ರಿಗೂ ಅದಿಲ್ದೆ ನಿದ್ದೆ ಬರಲ್ಲ.

ಆ ಅರ್ಧ ಗಂಟೇಲಿ ಏನ್ ಮಾಡ್ಬೇಕು ಅಂದ್ರೆ, ಕೈಗೆ ಕೆಲಸ ಇರೋ ಏನಾದ್ರೂ ಮಾಡಿ. ಬಾಗಿಲಿಗೆ ನೀರು ಹಾಕಿ ಒಂದು ಸಣ್ಣ ರಂಗೋಲಿ, ಗಿಡಕ್ಕೆ ನೀರು, ಹಾಸಿಗೆ ಮಡಿಸೋದು, ಡಿಕಾಕ್ಷನ್ ಇಳಿಯೋವರೆಗೂ ಕಿಟಕಿ ಹತ್ರ ನಿಂತ್ಕೊಳ್ಳೋದು. ಧ್ಯಾನ ಬರೋರು ಮಾಡಿ, ನನಗೆ ಬರಲ್ಲ, ಕಣ್ಣು ಮುಚ್ಚಿದ ತಕ್ಷಣ ಇಡ್ಲಿ ಹಿಟ್ಟು ಇದೆಯೋ ಇಲ್ವೋ ಅನ್ನೋದೇ ಬರತ್ತೆ.

3. ರಾತ್ರಿ ಉದ್ರಿ ಬರೆಯೋದು

ಇದೇ ಮುಖ್ಯ, ಇಲ್ಲಿ ಸ್ವಲ್ಪ ಕೂತು ಓದಿ.

200 ಪುಟದ ಸಾದಾ ನೋಟ್‌ಬುಕ್ ತಗೊಳ್ಳಿ. "ಇವತ್ತು ನಾನು ಯಾರಿಗೆ ಬಾಕಿ" ಅನ್ನೋ ಪ್ರಶ್ನೆಗೆ ಉತ್ತರ ಬರೀಬೇಕು. ಮೂರು ಕಾಲಂ: ಯಾರು, ಏನು ಮಾಡಿದ್ರು, ಅವ್ರಿಗೆ ಅದರಿಂದ ಏನು ಖರ್ಚಾಯ್ತು. ಮೂರನೇ ಕಾಲಂ ಬಿಡ್ಬೇಡಿ, ಇಡೀ ಅಭ್ಯಾಸದ ಜೀವ ಇರೋದು ಅಲ್ಲೇ.

ಮೊದಲ ವಾರ ನಾನು ಬರೆದಿದ್ದು ಹಿಂಗಿತ್ತು: ಆರೋಗ್ಯ. ಕುಟುಂಬ. ದೇವರು. ಎರಡನೇ ದಿನ: ಕುಟುಂಬ, ಆರೋಗ್ಯ, ಮನೆ. ಮೂರನೇ ದಿನ ಆಕಳಿಕೆ ಬಂತು, ಬರ್ದೇ ಬರುತ್ತಾ, ಅದು ಸ್ಕೂಲಲ್ಲಿ ಗೋವಿನ ಬಗ್ಗೆ ಪ್ರಬಂಧ ಬರೆದಂಗೆ. ಆಮೇಲೆ ಅಪ್ಪನ ಪುಸ್ತಕ ನೆನಪಾಯ್ತು, ಅಲ್ಲಿ "ಸಮಾಜಕ್ಕೆ ಬಾಕಿ" ಅಂತ ಎಲ್ಲೂ ಇರ್ಲಿಲ್ಲ, 2 ಮೂಟೆ ಸಕ್ಕರೆ ಅಂತ ಇತ್ತು. ಅವತ್ತಿಂದ ಬರೆಯೋ ರೀತಿ ಬದಲಾಯಿಸ್ದೆ. ನನ್ನ ಪುಸ್ತಕದಿಂದಲೇ ಒಂದೆರಡು ತೋರಿಸ್ತೀನಿ.

"ಕಂಡಕ್ಟರ್, 500ಡಿ. ಚಿಲ್ಲರೆ ಇಲ್ಲ ಅಂದಾಗ ಇಳಿಸ್ಲಿಲ್ಲ, ಹೆಬ್ಬಾಳದಲ್ಲಿ ಕೊಡಿ ಅಂದ್ರು. ಖರ್ಚು: ಅಷ್ಟು ರಶ್ಶಲ್ಲಿ ನನ್ನ ಮುಖ ನೆನಪಿಟ್ಕೋಬೇಕಾಯ್ತು."

"ಮೇಲಿನ ಮನೆ ಆಂಟಿ. ಒಗೆದ ಬಟ್ಟೆ ಮಳೆ ಬರೋ ಮುಂಚೆ ತೆಗೆದಿಟ್ರು, ಸಾಕ್ಸು ಜೋಡಿ ಜೋಡಿ ಮಾಡಿ. ಖರ್ಚು: ಸೀರಿಯಲ್ಲಿನ ಅರ್ಧ ಎಪಿಸೋಡು."

ಇನ್ನೊಂದು 2024ರ ಬೇಸಿಗೇದು. ಆ ಮಾರ್ಚಲ್ಲಿ ಬೆಂಗಳೂರು ನೀರಿಗೆ ಬಾಯಿ ಬಿಡ್ತಿತ್ತಲ್ಲ, ನಮ್ಮ ಬೀದಿಗೂ ಟ್ಯಾಂಕರ್ ಕಾಯೋದೇ ಕೆಲಸ ಆಗಿತ್ತು. ಒಂದು ರಾತ್ರಿ ಮೂರು ಗಂಟೆಗೆ ಸಂಪಿಗೆ ನೀರು ಬೀಳೋ ಸದ್ದು ಕೇಳಿ ಎಚ್ಚರ ಆಯ್ತು. ಆ ನೀರು ಎಲ್ಲಿಂದ ಬರತ್ತೆ ಅಂತ ಹಿಂದೆ ಯಾವತ್ತೂ ಯೋಚನೆ ಮಾಡಿರ್ಲಿಲ್ಲ. ಕಾವೇರಿ ನೀರು ಅದು, ತೊರೆಕಾಡನಹಳ್ಳಿಯಿಂದ, ಸುಮಾರು 100 ಕಿ.ಮೀ. ದೂರ, ಹಾರೋಹಳ್ಳಿ, ತಾತಗುಣಿ ಅಂತ ನಡುನಡುವೆ ಪಂಪ್ ಮಾಡಿ ಸುಮಾರು 500 ಮೀಟರ್ ಎತ್ತರಕ್ಕೆ ತಳ್ಬೇಕು, ಆಗ ನಮ್ಮ ಸಂಪಿಗೆ ಬರತ್ತೆ. ಬೆಳಗ್ಗೆ ಎದ್ದು ಬರೆದೆ: "ತಾತಗುಣಿ ಪಂಪ್‌ಹೌಸಲ್ಲಿ ರಾತ್ರಿ ಪಾಳಿ ಮಾಡಿದ ಯಾರೋ ಒಬ್ರು. ಖರ್ಚು: ಒಂದು ರಾತ್ರಿ ನಿದ್ದೆ." ಇದನ್ನ ಬರೆದ್ಮೇಲೆ ಅವತ್ತು ಸಂಜೆವರೆಗೂ ತಲೆ ಏನೋ ಹಗುರ ಇತ್ತು, ಯಾಕೆ ಅಂತ ಕೇಳ್ಬೇಡಿ. ನಾನೊಬ್ಬಳೇ ಎಲ್ಲಾ ಹೊತ್ಕೊಂಡು ಓಡಾಡ್ತಿದೀನಿ ಅನ್ನೋ ಭಾವನೆ ಸ್ವಲ್ಪ ಸಡಿಲ ಆಗತ್ತೆ ಅನ್ಸತ್ತೆ.

ಎಷ್ಟು ಸಲ ಬರೀಬೇಕು ಅನ್ನೋದ್ರಲ್ಲಿ ಬಹಳ ಜನ ಎಡವ್ತಾರೆ. ಇದರ ಬಗ್ಗೆ ಮೊದಲು ಹೆಸರಾದ ಪ್ರಯೋಗ ರಾಬರ್ಟ್ ಎಮನ್ಸ್, ಮೈಕಲ್ ಮೆಕಲಫ್ ಅವ್ರದ್ದು, 2003ರಲ್ಲಿ ಪ್ರಕಟ ಆಗಿದ್ದು. ಅದರಲ್ಲಿ ಸ್ಟೂಡೆಂಟ್‌ಗಳು ಬರೆದಿದ್ದು ವಾರಕ್ಕೆ ಒಂದೇ ಸಲ, ಹತ್ತು ವಾರ. ಕಿರಿಕಿರಿ ಪಟ್ಟಿ ಮಾಡಿದ ಗುಂಪಿಗಿಂತ ಕೃತಜ್ಞತೆ ಬರೆದ ಗುಂಪಿಗೆ ಜೀವನದ ಬಗ್ಗೆ ಸಮಾಧಾನ ಜಾಸ್ತಿ ಇತ್ತು, ವ್ಯಾಯಾಮಾನೂ ಜಾಸ್ತಿ ಮಾಡಿದ್ರು. ಸೋನ್ಯಾ ಲ್ಯುಬೊಮಿರ್ಸ್ಕಿ ಮತ್ತವರ ಜೊತೆಯವ್ರು ನೋಡಿದಾಗ ವಾರಕ್ಕೆ ಮೂರು ಸಲ ಬರೆದವ್ರಿಗಿಂತ ಒಂದು ಸಲ ಬರೆದವ್ರಿಗೇ ಹೆಚ್ಚು ಉಪಯೋಗ ಆಗಿತ್ತು. ದಿನಾ ಹೋಳಿಗೆ ತಿಂದ್ರೆ ಹೋಳಿಗೆಗೆ ಏನ್ ಮರ್ಯಾದೆ ಇರತ್ತೆ. ಇನ್ನೊಂದು ಕಡೆ ಮಾರ್ಟಿನ್ ಸೆಲಿಗ್ಮನ್ ತಂಡ 2005ರಲ್ಲಿ ಮಾಡಿದ ಪ್ರಯೋಗದಲ್ಲಿ ಒಂದು ವಾರ ದಿನಾ ರಾತ್ರಿ ಮೂರು ಒಳ್ಳೇ ವಿಷಯ, ಅದು ಯಾಕಾಯ್ತು ಅಂತ ಬರೆದವ್ರಿಗೆ ಆರು ತಿಂಗಳಾದ್ರೂ ಅದರ ಪ್ರಯೋಜನ ಉಳಿದಿತ್ತು. ಇವೆರಡನ್ನೂ ಸೇರಿಸಿ ನಾನು ಮಾಡ್ಕೊಂಡಿರೋದು ಹಿಂಗೆ: ಮೊದಲ ವಾರ ದಿನಾ ಮೂರು, ಕಣ್ಣು ಪಳಗೋಕೆ. ಆಮೇಲೆ ವಾರದ ದಿನ ಒಂದೇ ಸಾಲು, ಮನಸ್ಸಿಲ್ದಿದ್ರೆ ಅದೂ ಬೇಡ, ಭಾನುವಾರ ರಾತ್ರಿ ಮಾತ್ರ ಕೂತು ಒಂದು ಪುಟ.

ಯಾವಾಗ ಬರೀಬೇಕು ಅಂತ ಗಂಟೆ ನೋಡ್ಬೇಡಿ, ದಿನಾ ತಪ್ಪದೇ ಆಗೋ ಯಾವುದಾದ್ರೂ ಕೆಲಸಕ್ಕೆ ಗಂಟು ಹಾಕಿ. "ರಾತ್ರಿ ಒಂಬತ್ತೂವರೆಗೆ" ಅಂದ್ರೆ ಒಂಬತ್ತೂವರೆಗೆ ಯಾರೋ ಫೋನ್ ಮಾಡ್ತಾರೆ. "ಗ್ಯಾಸ್ ಆಫ್ ಮಾಡಿ ಬಾಗಿಲ ಚಿಲಕ ಹಾಕಿದ್ಮೇಲೆ" ಅಂದ್ರೆ ಅದು ದಿನಾ ಆಗೇ ಆಗತ್ತೆ. ಪೀಟರ್ ಗೋಲ್ವಿಟ್ಸರ್ ಅನ್ನೋ ಮನಶ್ಶಾಸ್ತ್ರಜ್ಞರು ಈ "ಇದಾದ್ಮೇಲೆ ಅದು" ಅನ್ನೋ ಪ್ಲಾನಿನ ಬಗ್ಗೆ ವರ್ಷಗಟ್ಟಲೆ ಕೆಲಸ ಮಾಡಿದ್ದಾರೆ, ಬರೀ ಮಾಡ್ಬೇಕು ಅಂದ್ಕೊಳ್ಳೋದಕ್ಕಿಂತ ಇದು ಗಟ್ಟಿ. ಪೆನ್ನಿಗೆ ದಾರ ಕಟ್ಟಿ ಪುಸ್ತಕಕ್ಕೇ ಕಟ್ಬಿಡಿ. ನಗಬೇಡಿ, ಮಕ್ಕಳಿರೋ ಮನೇಲಿ ಪೆನ್ನು ಸಿಗದೇ ನಿಂತು ಹೋದ ಒಳ್ಳೇ ಕೆಲಸಗಳು ಎಷ್ಟೋ ಇವೆ.

ಒಂದು ಎಚ್ಚರಿಕೆ ಇಲ್ಲೇ ಹೇಳ್ಬಿಡ್ತೀನಿ. ಈ ಪುಸ್ತಕ ಬರೀತಿದೀವಿ ಅಂತ ನಮಗೆ ಬರ್ಬೇಕಾದ ಬಾಕಿ ಬಿಟ್ಕೊಡೋದಲ್ಲ. "ಕೆಲಸ ಅಂತ ಒಂದಿದೆಯಲ್ಲ, ಅದೇ ಪುಣ್ಯ" ಅಂತ ಹೇಳಿ ಹೇಳಿ ರಾತ್ರಿ ಹನ್ನೆರಡರವರೆಗೆ ದುಡಿಸ್ಕೊಳ್ಳೋರು ಇರ್ತಾರೆ, ಮನೇಲೂ "ನಿನಗೇನು ಕಮ್ಮಿ ಮಾಡಿದೀವಿ" ಅಂತ ಬಾಯಿ ಮುಚ್ಚಿಸೋರು ಇರ್ತಾರೆ. ಅಪ್ಪ ಮಂಡಿಯವ್ರ ಬಾಕಿ ನೀಟಾಗಿ ಬರೀತಿದ್ರು ನಿಜ, ಹಂಗಂತ ಬೀದಿಯವ್ರ ಉದ್ರಿ ವಸೂಲಿ ಮಾಡೋದು ಬಿಟ್ಟಿರ್ಲಿಲ್ಲ. ತಿಂಗಳ ಮೊದಲ ವಾರ ಸೈಕಲ್ ಹತ್ತಿ ಹೊರಟ್ರೆ ಎರಡು ರಸ್ತೆ ಆಚೆವರೆಗೂ ಜನ ಬಾಗಿಲು ಹಾಕ್ಕೊಳ್ತಿದ್ರು.

4. ಚಿಂತೆಗೆ ಬೇರೆ ಪುಟ, ಬೇರೆ ಟೈಮು

ರಾತ್ರಿ ಬರೆಯೋಕೆ ಕೂತ್ರೆ ಮೊದಲು ಬರೋದು ಕೃತಜ್ಞತೆ ಅಲ್ಲ, ಇಎಂಐ. ಮಗನ ಸ್ಕೂಲ್ ಫೀಸು, ಅತ್ತೆಯವ್ರ ಶುಗರ್ ರಿಪೋರ್ಟು, ಇದೆಲ್ಲಾ ಸಾಲಾಗಿ ಬಂದು ನಿಲ್ಲತ್ತೆ. ಅದನ್ನ ತಳ್ಳೋಕೆ ಹೋದಷ್ಟೂ ಜೋರಾಗಿ ಬಾಗಿಲು ಬಡಿಯತ್ತೆ. ಅದಕ್ಕೆ ಬೇರೆ ವ್ಯವಸ್ಥೆ ಬೇಕು. ಥಾಮಸ್ ಬೋರ್ಕೊವೆಕ್ ಅನ್ನೋರು 1983ರಲ್ಲೇ ಜೊತೆಯವ್ರ ಜೊತೆ ಒಂದು ವಿಧಾನ ಪ್ರಯೋಗ ಮಾಡಿ ನೋಡಿದ್ರು: ದಿನದಲ್ಲಿ ಅರ್ಧ ಗಂಟೆ ಚಿಂತೆ ಮಾಡೋಕೆ ಅಂತಾನೇ ಇಡೋದು, ಒಂದೇ ಜಾಗ, ಒಂದೇ ಹೊತ್ತು. ಬೇರೆ ಹೊತ್ತಲ್ಲಿ ಚಿಂತೆ ಬಂದ್ರೆ ಸಂಜೆ ಬಾ ಅಂತ ಕಳಿಸೋದು. ಹಿಂದೆ ಹಳ್ಳಿ ಕಡೆ ಮನೆ ಬಾಗಿಲ ಮೇಲೆ "ನಾಳೆ ಬಾ" ಅಂತ ಬರೀತಿದ್ರಲ್ಲ, ಹೆಚ್ಚುಕಮ್ಮಿ ಅದೇ ಟೆಕ್ನಿಕ್ಕು.

ನಂದು ಸಂಜೆ ಏಳಕ್ಕೆ, ಇಪ್ಪತ್ತು ನಿಮಿಷ, ಡೈನಿಂಗ್ ಟೇಬಲ್ಲಿನ ಒಂದೇ ಕುರ್ಚಿ. ಹಾಸಿಗೆ ಮೇಲೆ ಮಾತ್ರ ಬೇಡ, ಹಾಸಿಗೆಗೆ ಚಿಂತೆಯ ಅಭ್ಯಾಸ ಆದ್ರೆ ಆಮೇಲೆ ದಿಂಬಿಗೆ ತಲೆ ಇಟ್ಟ ತಕ್ಷಣ ಅದೇ ಶುರು. ಚಿಂತೆಗಳನ್ನ ಅದೇ ಪುಸ್ತಕದ ಮುಂದಿನಿಂದ ಬಾಕಿ ಅಂತ ಬರೀತೀನಿ, ಪ್ರತಿಯೊಂದರ ಮುಂದೆ ನಾಳೆ ಮಾಡಬಹುದಾದ ಒಂದು ಸಣ್ಣ ಕೆಲಸ. "ಫೀಸು" ಅಂತ ಬರೆದು ಬಿಡಬಾರ್ದು, "ನಾಳೆ 11 ಗಂಟೆಗೆ ಸ್ಕೂಲ್ ಆಫೀಸಿಗೆ ಫೋನ್, ಎರಡು ಕಂತು ಆಗತ್ತಾ ಕೇಳೋದು" ಅಂತ ಬರೀಬೇಕು. ಮಾಡೋಕೆ ಏನೂ ಇಲ್ಲದ ಚಿಂತೆ ಆದ್ರೆ ಪಕ್ಕದಲ್ಲಿ ಒಂದು ಸೊನ್ನೆ. ಸೊನ್ನೆ ಹಾಕಿದ್ಮೇಲೆ ಅದು ಮಾಯ ಆಗಲ್ಲ, ಆದ್ರೆ ಮತ್ತೆ ಬಂದಾಗ ಓ ನೀನು ಸೊನ್ನೆಯವ್ನು ಅಂತ ಗುರುತು ಸಿಗತ್ತೆ.

ಚಿಂತೆ ಇಲ್ಲದವನಿಗೆ ಸಂತೆಯಲ್ಲೂ ನಿದ್ದೆ ಅಂತಾರೆ. ಚಿಂತೆ ಇರೋರಿಗೆ ಪಟ್ಟಿಯಾದ್ರೂ ಬೇಕು. 2018ರಲ್ಲಿ ಅಮೆರಿಕದ ಬೇಲರ್ ಯೂನಿವರ್ಸಿಟಿಯಲ್ಲಿ 57 ಜನರನ್ನ ಮಲಗಿಸಿ ನೋಡಿದ್ರು, ಮಲಗೋ ಮುಂಚೆ ಐದು ನಿಮಿಷ ಮುಂದೆ ಮಾಡ್ಬೇಕಾದ ಕೆಲಸದ ಪಟ್ಟಿ ಬರೆದವ್ರು, ಮುಗಿಸಿದ ಕೆಲಸದ ಪಟ್ಟಿ ಬರೆದವ್ರಿಗಿಂತ ಸುಮಾರು 9 ನಿಮಿಷ ಬೇಗ ನಿದ್ದೆ ಹೋದ್ರು.

5. ಅಂಗಡಿ ರಜೆ

ನಾವು ಆರಂಭಶೂರರು, ಯುಗಾದಿಗೆ ಶುರು ಮಾಡಿದ್ದು ರಾಮನವಮಿಗೆ ನಿಲ್ಲತ್ತೆ. ನಿಲ್ಲೋಕೆ ಕಾರಣ ಸೋಮಾರಿತನ ಅಂತ ನನಗನ್ಸಲ್ಲ, ಒಂದು ದಿನ ತಪ್ಪಿದ್ರೆ ಎಲ್ಲಾ ಹಾಳಾಯ್ತು ಅಂದ್ಕೋತೀವಲ್ಲ, ಅದು. ಫಿಲಿಪಾ ಲಾಲಿ ಅವ್ರ ತಂಡ ಲಂಡನ್ನಲ್ಲಿ 96 ಜನರನ್ನ 12 ವಾರ ಗಮನಿಸಿ ನೋಡಿದ್ದು ಹೇಳೋದು, ಒಂದು ಕೆಲಸ ಅಭ್ಯಾಸ ಆಗೋಕೆ ಸರಾಸರಿ 66 ದಿನ, ಆದ್ರೆ ಒಬ್ಬೊಬ್ರಿಗೆ ಒಂದೊಂದು ಥರ, ಅವ್ರ ಲೆಕ್ಕದಲ್ಲಿ 18 ದಿನದಿಂದ 254 ದಿನದವರೆಗೂ. 21 ದಿನ ಅನ್ನೋ ಮಾತನ್ನ ಮರೆತುಬಿಡಿ. ಮಧ್ಯದಲ್ಲಿ ಒಂದು ದಿನ ತಪ್ಪಿದ್ರೆ ಹೇಳಿಕೊಳ್ಳೋಷ್ಟು ವ್ಯತ್ಯಾಸ ಏನೂ ಆಗಿರ್ಲಿಲ್ಲ.

ಅಪ್ಪ ಅಮಾವಾಸ್ಯೆಗೆ ಅಂಗಡಿ ಮುಚ್ತಿದ್ರು, ಮಾರನೇ ದಿನ ಆರೂವರೆಗೆ ಶಟರ್ ಸದ್ದು. ಮುಚ್ಚಿದ್ದಕ್ಕೆ ಯಾರಿಗೂ ಸಮಜಾಯಿಷಿ ಕೊಡ್ತಿರ್ಲಿಲ್ಲ. ತಪ್ಪಿದ ದಿನದ ಪುಟ ಖಾಲಿ ಬಿಡಿ, ಹಿಂದಿಂದು ತುಂಬೋಕೆ ಹೋಗ್ಬೇಡಿ. ನಾನು ಅತ್ತೆಯವ್ರು ಆಸ್ಪತ್ರೇಲಿದ್ದಾಗ 19 ದಿನ ಬರೆದಿಲ್ಲ, ಪುಸ್ತಕ ಎಲ್ಲಿತ್ತು ಅಂತಾನೂ ಗೊತ್ತಿರ್ಲಿಲ್ಲ. ಇಪ್ಪತ್ತನೇ ದಿನ ಸೋಫಾ ಸಂದೀಲಿ ಸಿಕ್ತು.

ಇದರಿಂದ ಆಗದೇ ಇದ್ರೆ

ಎರಡು ವಾರ ಸತತವಾಗಿ ಯಾವುದರಲ್ಲೂ ಮನಸ್ಸಿಲ್ಲ, ನಿದ್ದೆ ಊಟ ಏರುಪೇರು, ಏಳೋಕೇ ಆಗ್ತಿಲ್ಲ ಅಂದ್ರೆ ನೋಟ್‌ಬುಕ್ ಪಕ್ಕಕ್ಕಿಟ್ಟು ಡಾಕ್ಟರ್ ಹತ್ರ ಹೋಗಿ. ಡಿಪ್ರೆಶನ್ ಇರೋರಿಗೆ ಕೃತಜ್ಞತೆ ಬರಿ ಅಂದ್ರೆ ಕಾಲು ಮುರಿದವ್ರಿಗೆ ವಾಕಿಂಗ್ ಹೋಗು ಅಂದಂಗೆ, ಬರೆಯೋಕಾಗ್ಲಿಲ್ಲ ಅನ್ನೋದು ಇನ್ನೊಂದು ತಪ್ಪಿತಸ್ಥ ಭಾವನೆ ಆಗತ್ತೆ. ಸತ್ರೆ ಸಾಕು ಅನ್ನೋ ಯೋಚನೆ ಬರ್ತಿದ್ರೆ ಎರಡು ವಾರ ಅಂತೆಲ್ಲಾ ಕಾಯ್ಬೇಡಿ, ಇವತ್ತೇ ಮಾತಾಡಿ. ಟೆಲಿ ಮಾನಸ್ ಅಂತ ಸರ್ಕಾರದ ಸಹಾಯವಾಣಿ ಇದೆ, ನಂಬರ್ 14416, ದಿನದ 24 ಗಂಟೆ, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡಬಹುದು. 2022ರ ಅಕ್ಟೋಬರ್ 10ರಂದು ಶುರು ಆಗಿದ್ದು, ಇಡೀ ದೇಶಕ್ಕೆ ಇದರ ಮುಖ್ಯ ಕೇಂದ್ರ ನಮ್ಮ ಹೊಸೂರು ರೋಡಿನ ನಿಮ್ಹಾನ್ಸೇ. "ನಿಮ್ಹಾನ್ಸ್" ಅಂದ ತಕ್ಷಣ ಮುಖ ಒಂಥರಾ ಮಾಡೋರು ಇನ್ನೂ ಇದ್ದಾರೆ ಈ ಊರಲ್ಲಿ, ಮಾಡ್ಕೊಳ್ಳಲಿ ಬಿಡಿ. ನಾನೂ ಆ ದಿನಗಳಲ್ಲಿ ಒಬ್ಬ ಕೌನ್ಸೆಲರ್ ಹತ್ರ ಆರು ಸಲ ಹೋಗಿದ್ದೆ, ಪುಸ್ತಕ ಒಂದರಿಂದಲೇ ಎದ್ದು ನಿಂತೆ ಅಂತ ಹೇಳಿದ್ರೆ ಸುಳ್ಳಾಗತ್ತೆ.

6. ತೀರ್ಸೋದು

ಉದ್ರಿ ಬರೆದ್ಮೇಲೆ ಯಾವತ್ತಾದ್ರೂ ತೀರಿಸ್ಬೇಕಲ್ಲ. ತಿಂಗಳಿಗೆ ಒಂದು ಸಾಕು. ಪುಸ್ತಕದಲ್ಲಿ ಒಂದು ಸಾಲು ಆರಿಸಿ, ಆ ಮನುಷ್ಯರಿಗೆ ಹೋಗಿ ಹೇಳಿ. ಸೆಲಿಗ್ಮನ್ ತಂಡ ಇದನ್ನೂ ನೋಡಿತ್ತು, ಪತ್ರ ಬರೆದು ಖುದ್ದಾಗಿ ಹೋಗಿ ಕೊಟ್ಟವ್ರ ಖುಷಿ ಒಂದು ತಿಂಗಳವರೆಗೂ ಕಾಣ್ತಿತ್ತು.

ನಮ್ಮ ಕಷ್ಟ ಏನಂದ್ರೆ ಮಾತು. "ಧನ್ಯವಾದಗಳು" ಅಂದ್ರೆ ರಾಜ್ಯೋತ್ಸವದ ಸ್ಟೇಜಲ್ಲಿ ವಂದನಾರ್ಪಣೆ ಮಾಡಿದಂಗೆ, "ಥ್ಯಾಂಕ್ಸ್" ಅಂದ್ರೆ ಲಿಫ್ಟ್ ಬಾಗಿಲು ಹಿಡಿದವ್ರಿಗೆ ಹೇಳಿದಂಗೆ. ನಮ್ಮಜ್ಜಿ ಎರಡೂ ಹೇಳಿದ್ದನ್ನ ನಾನು ಕೇಳಿಲ್ಲ, "ನಿನ್ನ ಹೊಟ್ಟೆ ತಣ್ಣಗಿರ್ಲಿ ಕಣವ್ವ" ಅಂತಿದ್ರು. ಅದು ನಮ್ಮ ಬಾಯಲ್ಲಿ ಈಗ ನಾಟಕ ಆಗತ್ತೆ ಅನ್ಸಿದ್ರೆ ಸುಮ್ನೆ ನಡೆದಿದ್ದನ್ನ ಹೇಳಿ: ಅವತ್ತು ನೀವು ಹಿಂಗ್ ಮಾಡಿದ್ರಿ, ಅದರಿಂದ ನನಗೆ ಹಿಂಗಾಯ್ತು, ಹೇಳ್ಬೇಕು ಅನ್ಸ್ತು. ಕೈಲಿ ಅರ್ಧ ಡಜನ್ ಬಾಳೆಹಣ್ಣಿದ್ರೆ ಮಾತು ಇನ್ನೂ ಸಲೀಸು.

ನಾನು ಮೊದಲು ತೀರಿಸೋಕೆ ಹೋಗಿದ್ದು ನನ್ನ ಪುಸ್ತಕದ್ದಲ್ಲ, ಅಪ್ಪನ ಪುಸ್ತಕದ್ದು. ಆ ಟೈಲರ್ ಈಗ ಕೆಂಗೇರಿ ಕಡೆ ಮಗಳ ಮನೇಲಿದ್ದಾರೆ ಅಂತ ಗೊತ್ತಾಯ್ತು, ಮೆಟ್ರೋ ಹತ್ತಿ ಹೋದೆ. ಎಂಬತ್ತು ಹತ್ರ ವಯಸ್ಸು, ಕಣ್ಣು ಮಂಜು, ಆದ್ರೂ ನನ್ನ ಚೂಡಿದಾರ್ ತೋಳು ಹಿಡಿದು ನೋಡಿ ಇದು ಯಾರಮ್ಮ ಹೊಲಿದಿದ್ದು, ಗೀರು ಸರಿ ಬಂದಿಲ್ಲ ಅಂದ್ರು. ನಾನು ಎಲ್ಲಾ ಹೇಳ್ದೆ, ಇಂಥ ವರ್ಷ, ನಾನು ಹುಟ್ಟಿದಾಗ, ನೀವು ಎರಡು ದಿನ ಅಂಗಡಿ ನೋಡ್ಕೊಂಡ್ರಂತೆ, ಅಪ್ಪ ಬರೆದಿಟ್ಟಿದ್ದಾರೆ. ಬಹಳ ಹೊತ್ತು ಯೋಚನೆ ಮಾಡಿದ್ರು.

"ನೋಡ್ಕೊಂಡಿರ್ಬೇಕು ಬಿಡಮ್ಮ, ನೆನಪಿಲ್ಲ. ಯಾರಿಗೋ ಬೆಲ್ಲ ತೂಕ ಹಾಕುವಾಗ ಜಾಸ್ತಿ ಹೋಗ್ಬಿಡ್ತು ಅಂತ ನಿಮ್ಮಪ್ಪ ಬಂದು ನನಗೆ ಬೈದಿದ್ದು ಮಾತ್ರ ಚೆನ್ನಾಗಿ ನೆನಪಿದೆ."

ಮನೆಗೆ ಬಂದು ಅಪ್ಪನಿಗೆ ಹೇಳ್ದೆ. ನಗ್ತಾರೆ ಅಂದ್ಕೊಂಡಿದ್ದೆ, ನಗ್ಲಿಲ್ಲ. ಕನ್ನಡಕ ಹಾಕ್ಕೊಂಡು ಪುಸ್ತಕ ಉಲ್ಟಾ ತಿರುಗಿಸಿ ಆ ಸಾಲು ಹುಡುಕಿದ್ರು, ಗೀಟು ಎಳೆಯೋಕೆ ದಾರದ ಪೆನ್ನು ಕೈಗೆ ತಗೊಂಡ್ರು, ಆಮೇಲೆ ಇರ್ಲಿ ಬಿಡು ಅಂತ ಮುಚ್ಚಿಟ್ರು.